ಸಾಕ್ಷರತೆ: ಮಕ್ಕಳಿಗೆ ಕಾಯ್ದೆ, ದೊಡ್ಡವರಿಗೆ ಯೋಜನೆ ಮಾತ್ರ

ಭಾರತದಲ್ಲಿ 6ರಿಂದ 14 ವರ್ಷದೊಳಗಿನ ಮಗುವಿಗೆ ಶಿಕ್ಷಣ ಸಿಗದಿದ್ದರೆ ಪೋಷಕರು ನ್ಯಾಯಾಲಯದ ಮೆಟ್ಟಿಲೇರಬಹುದು. ಅದೇ ಮಗುವಿನ ತಾಯಿಗೆ ಓದು ಬರಹ ಬಾರದಿದ್ದರೆ, ಕಲಿಸಿಕೊಡಿ ಎಂದು ಕೇಳಲು ಅಂಥದ್ದೊಂದು ಕಾಯ್ದೆ ಇಲ್ಲ. ದೊಡ್ಡವರ ಅಕ್ಷರ ಕಲಿಕೆ ನಿಂತಿರುವುದು ಆಗಾಗ ಬಂದು ಹೋಗುವ ಯೋಜನೆಗಳ ಮೇಲೆ.

ಮಕ್ಕಳ ವಿಷಯದಲ್ಲೂ ಈ ಹಕ್ಕು ಸುಲಭವಾಗಿ ಸಿಕ್ಕಿದ್ದಲ್ಲ. 14 ವರ್ಷದವರೆಗಿನ ಎಲ್ಲರಿಗೂ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ನೀಡಲು ಪ್ರಯತ್ನಿಸಬೇಕು ಎಂದು ಸಂವಿಧಾನದ 45ನೇ ವಿಧಿ ಹೇಳಿತ್ತು. ಆದರೆ ಅದು ಕೇವಲ ನಿರ್ದೇಶಕ ತತ್ವ. 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಮೂಲಭೂತ ಹಕ್ಕು ಎಂದು ಕರೆದದ್ದು ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕದ ಪ್ರಕರಣದಲ್ಲಿ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು 14 ವರ್ಷದವರೆಗೆ ಸೀಮಿತಗೊಳಿಸಲಾಯಿತು. 2002ರ 86ನೇ ತಿದ್ದುಪಡಿಯಿಂದ 21ಎ ವಿಧಿ ಸೇರಿತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು.

ಬಂದು ಹೋದ ಯೋಜನೆಗಳು

ವಯಸ್ಕರಿಗಾಗಿ 1978ರಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದವು. ಮಿಷನ್ ಕಾಲದ ದೊಡ್ಡ ಗೆಲುವು ಕೇರಳದ ಎರ್ನಾಕುಲಂ. 1990ರಲ್ಲಿ ಅದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡಿತು. ಮನೆಮನೆಗೆ ಹೋಗಿ ಕಲಿಸಿದ ಸ್ವಯಂಸೇವಕರ ಈ ಮಾದರಿಯೇ ಬೇರೆ ಜಿಲ್ಲೆಗಳ ಸಾಕ್ಷರತಾ ಆಂದೋಲನಕ್ಕೂ ದಾರಿಯಾಯಿತು.

2009ರ ಸೆಪ್ಟೆಂಬರ್ 8ರಂದು ಬಂದ 'ಸಾಕ್ಷರ ಭಾರತ' ಮಹಿಳೆಯರಿಗೆ ಒತ್ತು ಕೊಟ್ಟಿತು. 7 ಕೋಟಿ ಜನರ ಗುರಿಯಲ್ಲಿ 6 ಕೋಟಿ ಮಹಿಳೆಯರೇ. ಇದಕ್ಕೆ ಕಾರಣವೂ ಇತ್ತು: 2011ರ ಜನಗಣತಿಯಲ್ಲೂ ಪುರುಷರ ಸಾಕ್ಷರತೆ ಶೇ. 80.9 ಇದ್ದರೆ ಮಹಿಳೆಯರದ್ದು ಶೇ. 64.6 ಮಾತ್ರ. ಗ್ರಾಮ ಪಂಚಾಯಿತಿ ಕಲಿಕಾ ಕೇಂದ್ರಗಳನ್ನು ನಡೆಸಲು ಪ್ರೇರಕರಿದ್ದರು, ಅವರಿಗೆ ತಿಂಗಳಿಗೆ 2,000 ರೂ. ಗೌರವಧನ. ಯೋಜನೆ 2018ರ ಮಾರ್ಚ್‌ನಲ್ಲಿ ಮುಗಿಯಿತು. ನಡುವೆ 'ಪಢ್ನಾ ಲಿಖ್ನಾ ಅಭಿಯಾನ' ಎಂಬ ಅಲ್ಪಾವಧಿಯ ಕಾರ್ಯಕ್ರಮ ಬಂದದ್ದು ಬಿಟ್ಟರೆ, ಪೂರ್ಣ ಪ್ರಮಾಣದ ಮುಂದಿನ ಯೋಜನೆಗೆ ನಾಲ್ಕು ವರ್ಷ ಕಾಯಬೇಕಾಯಿತು. ಕಲಿತ ಅಕ್ಷರ ಬಳಕೆಯಿಲ್ಲದೆ ಮರೆತುಹೋಗಲು ಇಷ್ಟು ಸಮಯ ಧಾರಾಳವಾಗಿ ಸಾಕು.

ಈಗಿನ 'ಉಲ್ಲಾಸ್'

2022-23ರಿಂದ 2026-27ರ ಅವಧಿಯ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ 'ಉಲ್ಲಾಸ್' ಎಂದು ಹೆಸರು. ಐದು ವರ್ಷದಲ್ಲಿ 15 ವರ್ಷ ದಾಟಿದ 5 ಕೋಟಿ ಜನರಿಗೆ ಕಲಿಸುವ ಗುರಿಗೆ ಇಟ್ಟ ಹಣ 1,037.90 ಕೋಟಿ ರೂ.; ಅದರಲ್ಲಿ ಕೇಂದ್ರದ ಪಾಲು 700 ಕೋಟಿ. ತಲಾ ಲೆಕ್ಕ ಹಾಕಿದರೆ ಒಬ್ಬರಿಗೆ ಸುಮಾರು 208 ರೂ. ಕಲಿಸುವವರು ಸಂಭಾವನೆಯಿಲ್ಲದ ಸ್ವಯಂಸೇವಕರಾದ್ದರಿಂದ ಇಷ್ಟರಲ್ಲಿ ಲೆಕ್ಕ ಹೊಂದುತ್ತದೆ.

ಕಲಿತವರಿಗೆ ಓದು, ಬರಹ, ಲೆಕ್ಕ ಸೇರಿ 150 ಅಂಕಗಳ ಪರೀಕ್ಷೆ. ತೇರ್ಗಡೆಯಾದವರಿಗೆ ಪ್ರಮಾಣಪತ್ರ. ಶೇ. 95ರಷ್ಟು ಸಾಕ್ಷರತೆ ಸಾಧಿಸಿದ ರಾಜ್ಯವನ್ನು ಪೂರ್ಣ ಸಾಕ್ಷರ ಎಂದು ಪರಿಗಣಿಸಲಾಗುತ್ತದೆ. 2024ರಲ್ಲಿ ಲಡಾಖ್, 2025ರಲ್ಲಿ ಮಿಜೋರಾಂ ಈ ಪಟ್ಟ ಪಡೆದವು.

ಹೊರನಾಡ ಕನ್ನಡಿಗರು ತಿಳಿದಿರಬೇಕಾದ ಅಂಶವೊಂದಿದೆ. ಜನಗಣತಿಯ ಪ್ರಕಾರ 7 ವರ್ಷ ಮೇಲ್ಪಟ್ಟವರು ಯಾವುದೇ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಸಾಕ್ಷರರು. ಮುಂಬೈಯಲ್ಲಿರುವ ಅಜ್ಜಿಗೆ ಮರಾಠಿ, ಹಿಂದಿ ಬಾರದಿದ್ದರೂ ಕನ್ನಡ ಓದಿ ಬರೆಯಲು ಬಂದರೆ, ಗಣತಿದಾರರ ಮುಂದೆ ಅವರನ್ನು ಅನಕ್ಷರಸ್ಥೆ ಎಂದು ಬರೆಸಬೇಕಿಲ್ಲ.