ನಾಯಿ ಸಾಕುವುದು, ಬೆಕ್ಕು ಸಾಕುವುದು: ವ್ಯತ್ಯಾಸ ಎಲ್ಲಿದೆ, ಎಲ್ಲಿಲ್ಲ?

ಗಡಿಭಾಗದ ಹಳ್ಳಿಗಳಲ್ಲಿ ನಾಯಿ ಇಲ್ಲದ ತೋಟದ ಮನೆ, ಬೆಕ್ಕು ಸುಳಿಯದ ಅಡುಗೆಮನೆ ಅಪರೂಪ. ನಾಯಿ ಅಂಗಳ ಕಾಯುತ್ತದೆ, ಬೆಕ್ಕು ಅಟ್ಟದ ಇಲಿ ಹಿಡಿಯುತ್ತದೆ. ಆದರೆ "ನಾವು ನಾಯಿ ಸಾಕಿದ್ದೇವೆ" ಎನ್ನುವವರೇ ಬೆಕ್ಕಿನ ವಿಷಯ ಬಂದಾಗ "ಒಂದು ಬೆಕ್ಕು ಇದೆ" ಎಂದಷ್ಟೇ ಹೇಳುತ್ತಾರೆ. ನಾಯಿಗೆ ಯಜಮಾನನಿದ್ದಾನೆ, ಬೆಕ್ಕು ತನ್ನ ಪಾಡಿಗೆ ತಾನಿರುತ್ತದೆ ಎಂಬ ಭಾವನೆ ಇದರ ಹಿಂದಿದೆ. ಇದು ಎಷ್ಟು ಸರಿ ಎಂಬುದನ್ನು ತಿಳಿದಿರುವುದು ಎರಡನ್ನೂ ಸಾಕುವವರಿಗೆ ಒಳ್ಳೆಯದು.

ಸ್ವಭಾವ

ನಾಯಿ ತೋಳದ ಸಂತತಿ. ಬೇಸಾಯ ಆರಂಭವಾಗುವ ಮೊದಲೇ, ಕನಿಷ್ಠ 14,000 ವರ್ಷಗಳ ಹಿಂದೆ, ಅದು ಬೇಟೆಗಾರ ಮನುಷ್ಯನ ಜೊತೆ ಸೇರಿತ್ತು. ತೋಳ ಗುಂಪಿನಲ್ಲಿ ಬಾಳುವ ಪ್ರಾಣಿ. ಆದ್ದರಿಂದ ನಾಯಿಗೆ ಮನೆಮಂದಿಯೇ ಗುಂಪು. ಬೆಕ್ಕು ಆಫ್ರಿಕಾದ ಕಾಡುಬೆಕ್ಕಿನ ಸಂತತಿ. ಕಾಡಿನಲ್ಲಿ ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಮನುಷ್ಯ ಕಾಳು ಕೂಡಿಡತೊಡಗಿದ ಮೇಲೆ ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು.

ಮನೆ ಬದಲಾಯಿಸುವಾಗ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ನಾಯಿ ಯಜಮಾನನ ಹಿಂದೆ ಹೊಸ ಮನೆಗೆ ಬರುತ್ತದೆ. ಬೆಕ್ಕು ತಾನು ಓಡಾಡಿದ ಜಾಗವನ್ನು ಹುಡುಕಿಕೊಂಡು ಹಳೆಯ ಮನೆಗೆ ಹಿಂತಿರುಗಲು ನೋಡುತ್ತದೆ. ಎರಡು ಮೂರು ವಾರ ಹೊಸ ಮನೆಯ ಒಳಗೇ ಇಟ್ಟು, ಅಲ್ಲೇ ಊಟ ಹಾಕಿ, ನಂತರ ಹೊರಗೆ ಬಿಟ್ಟರೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಆಹಾರ

ನಾಯಿ ಅನ್ನ, ರೊಟ್ಟಿ, ಮುದ್ದೆಯ ಪಿಷ್ಟವನ್ನು ಜೀರ್ಣಿಸಿಕೊಳ್ಳಬಲ್ಲದು. ಜೊತೆಗೆ ಮೊಟ್ಟೆ, ಮೀನು ಅಥವಾ ಮಾಂಸ ಸಿಕ್ಕಿದರೆ ಆರೋಗ್ಯವಾಗಿರುತ್ತದೆ. ಬೆಕ್ಕು ಹಾಗಲ್ಲ, ಅದು ಪೂರ್ಣ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ, ಮೀನಿನಿಂದಲೇ ಸಿಗಬೇಕು. ಬರೀ ಹಾಲು ಅನ್ನದಲ್ಲಿ ಬೆಳೆಸಿದರೆ ಕಾಲಕ್ರಮದಲ್ಲಿ ಕಣ್ಣು ಮತ್ತು ಹೃದಯ ಕೆಡಬಹುದು. ಹಾಲೆಂದರೆ ಬೆಕ್ಕಿಗೆ ಪ್ರಾಣ ಎಂಬ ಮಾತಿದ್ದರೂ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಮಾಂಸ ತಾರದ ಮನೆಗಳಲ್ಲಿ ಬೆಕ್ಕು ಬದುಕುವುದು ತಾನೇ ಹಿಡಿದ ಇಲಿ, ಹಲ್ಲಿಗಳಿಂದ.

ಔಷಧಿ

ನಾಯಿಯ ಔಷಧಿಯನ್ನು ಬೆಕ್ಕಿಗೆ ಬಳಸಲೇಬಾರದು. ನಾಯಿಯ ಉಣ್ಣಿಗೆ ಹಚ್ಚುವ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಜ್ವರಕ್ಕೆ ಮನುಷ್ಯರು ನುಂಗುವ ಪ್ಯಾರಾಸಿಟಮಾಲ್‌ನ ಅರ್ಧ ಮಾತ್ರೆ ಕೂಡ ಬೆಕ್ಕಿನ ಪ್ರಾಣ ತೆಗೆಯಬಹುದು. ನಾಯಿಗೆ ಚಾಕೊಲೇಟ್, ದ್ರಾಕ್ಷಿ ಅಪಾಯಕಾರಿ. ಈರುಳ್ಳಿ ಎರಡಕ್ಕೂ ಆಗದು.

ಮರಿಗಳು

ಎರಡರ ಗರ್ಭಕಾಲವೂ ಸುಮಾರು ಎರಡು ತಿಂಗಳು. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು, ವರ್ಷದಲ್ಲಿ ಹಲವು ಸಲ ಮರಿ ಹಾಕಬಲ್ಲದು. ಮರಿಗಳನ್ನು ಗೋಣಿಯಲ್ಲಿ ತುಂಬಿ ಪಕ್ಕದ ಊರಿನ ಸಂತೆಯಲ್ಲಿ ಬಿಟ್ಟು ಬರುವುದಕ್ಕಿಂತ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮ.

ಕಾಡಂಚಿನಲ್ಲಿ

ವಯನಾಡು, ನೀಲಗಿರಿ, ತಾಳವಾಡಿಯಂತಹ ಕಾಡಂಚಿನ ಊರುಗಳಲ್ಲಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ಬೇಟೆ. ನಾಯಿಗಾಗಿ ಬಂದ ಚಿರತೆ ಮನೆಯ ಬಾಗಿಲವರೆಗೂ ಬರುತ್ತದೆ. ರಾತ್ರಿ ಗಟ್ಟಿ ಬಾಗಿಲಿನ ಗೂಡಿನಲ್ಲಿ ಅಥವಾ ಮನೆಯೊಳಗೆ ನಾಯಿಯನ್ನು ಮಲಗಿಸಿದರೆ ಮನೆಯವರಿಗೂ ಕ್ಷೇಮ.

ಕಾನೂನು

ಕೇರಳದಲ್ಲಿ 1998ರ ಪಂಚಾಯತ್ ನಿಯಮಗಳ ಪ್ರಕಾರ ನಾಯಿ ಸಾಕಲು ಗ್ರಾಮ ಪಂಚಾಯತಿನ ಲೈಸೆನ್ಸ್ ಬೇಕು. ಇದಕ್ಕೆ ರೇಬೀಸ್ ಲಸಿಕೆ ಹಾಕಿಸಿದ ಸರ್ಟಿಫಿಕೇಟ್ ಅಗತ್ಯ. ಆ ನಿಯಮಗಳು ಹಂದಿ ಮತ್ತು ನಾಯಿಗೆ ಸಂಬಂಧಿಸಿದವು, ಬೆಕ್ಕಿಗಲ್ಲ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ ಇರುವುದರಿಂದ ಊರಿನ ಪಂಚಾಯತ್ ಅಥವಾ ನಗರಸಭೆಯಲ್ಲಿ ವಿಚಾರಿಸಬೇಕು. ದೇಶಕ್ಕೆಲ್ಲ ಅನ್ವಯಿಸುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ 2024ರ ಜುಲೈ 1ರಿಂದ ಜಾರಿಯಲ್ಲಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ 6 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ನಾಯಿ, ಬೆಕ್ಕು ಎಂಬ ಭೇದವಿಲ್ಲ.

ವ್ಯತ್ಯಾಸವಿಲ್ಲದ ಒಂದು ವಿಷಯ

ರೇಬೀಸ್‌ಗೆ ಕನ್ನಡದಲ್ಲಿ ಹುಚ್ಚುನಾಯಿ ರೋಗ ಎನ್ನುತ್ತಾರೆ. ತಮಿಳಿನಲ್ಲಿ 'ವೆರಿನಾಯ್ ಕಡಿ', ತೆಲುಗಿನಲ್ಲಿ 'ಪಿಚ್ಚಿ ಕುಕ್ಕ ಕಾಟು'. ಈ ಹೆಸರುಗಳಲ್ಲೆಲ್ಲ ನಾಯಿಯೇ ಇದೆ. ಮಲಯಾಳದ 'ಪೇವಿಷಬಾಧೆ'ಯಲ್ಲಿ ಮಾತ್ರ ಯಾವ ಪ್ರಾಣಿಯ ಹೆಸರೂ ಇಲ್ಲ. ಮನುಷ್ಯರಿಗೆ ಈ ರೋಗ ಬಹುಪಾಲು ನಾಯಿಯಿಂದಲೇ ಬರುವುದು ನಿಜ. ಆದರೆ ರೋಗ ತಗಲಿದ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಅದರಿಂದಲೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

"ಬೆಕ್ಕು ತಾನೇ ಪರಚಿದ್ದು" ಎಂದು ಅರಿಸಿನ ಹಚ್ಚಿ ಸುಮ್ಮನಿರುವುದು ತಪ್ಪು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಹಾಕಿಸಬೇಕು. ಗಾಯ ಆಳವಾಗಿದ್ದು ರಕ್ತ ಬಂದಿದ್ದರೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಕಚ್ಚಿದ ಸಾಕುಪ್ರಾಣಿಯ ಮೇಲೆ 10 ದಿನ ನಿಗಾ ಇಡಬೇಕು, ಆದರೆ ಲಸಿಕೆಗೆ ಅಷ್ಟು ದಿನ ಕಾಯಬಾರದು. ಒಂದು ಡೋಸ್ ಒಂದು ರಾಜ್ಯದಲ್ಲಿ, ಇನ್ನೊಂದು ಡೋಸ್ ಗಡಿಯಾಚೆ ಪಡೆಯುವವರು ಆಸ್ಪತ್ರೆಯ ಚೀಟಿಯನ್ನು ತಪ್ಪದೆ ಒಯ್ಯಬೇಕು.

ಹೊಟ್ಟೆಗೆ 14 ಇಂಜೆಕ್ಷನ್ ಎಂಬ ಭಯ ಈಗ ಬೇಡ. ಆ ಹಳೆಯ ಲಸಿಕೆ 2005ರ ಹೊತ್ತಿಗೇ ದೇಶದಲ್ಲಿ ನಿಂತಿತು. ಈಗಿನದನ್ನು ತೋಳಿಗೆ ಕೊಡುತ್ತಾರೆ.

ನಾಯಿಮರಿಗಾಗಲಿ ಬೆಕ್ಕಿನ ಮರಿಗಾಗಲಿ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶುವೈದ್ಯರು ಹೇಳಿದಂತೆ ಮುಂದುವರಿಸಬೇಕು. ನಾಯಿಗೆ ಲಸಿಕೆ ಹಾಕಿಸಲು ಹೋಗುವವರು ಅದೇ ದಿನ ಬೆಕ್ಕನ್ನೂ ಒಂದು ಬುಟ್ಟಿಯಲ್ಲಿ ಕೊಂಡೊಯ್ದರೆ ಒಂದು ಓಡಾಟ ಉಳಿಯುತ್ತದೆ.