ಆಣೆವಾರಿಯಿಂದ ಹಗ್ಗದ ಚೌಕದವರೆಗೆ: ಬಾಗಲಕೋಟೆ ಸೀಮೆಯಲ್ಲಿ ನಮೂನೆ ಸಮೀಕ್ಷೆಯ ಚರಿತ್ರೆ

ಒಂದು ತಾಲ್ಲೂಕಿನ ಬೆಳೆಯನ್ನೆಲ್ಲ ತೂಗಿ ನೋಡುವುದು ಯಾವ ಪ್ರಭುತ್ವಕ್ಕೂ ಶಕ್ಯವಲ್ಲದ ಕಾರಣ, ಕೆಲವು ಹೊಲಗಳನ್ನು ನೋಡಿ ಎಲ್ಲ ಹೊಲಗಳ ಮಾತನ್ನಾಡುವ ಪದ್ಧತಿ ಕಂದಾಯದಷ್ಟೇ ಪ್ರಾಚೀನವಾದುದು. ಆದರೆ ಆ ಕೆಲವನ್ನು ಆರಿಸಿದವನು ಯಾರು, ಆರಿಸಿದವನಿಗೆ ಉತ್ತರದಲ್ಲಿ ಯಾವ ಲಾಭ ನಷ್ಟಗಳಿದ್ದುವು ಎಂಬ ವಿಚಾರಣೆ ತೀರ ಈಚಿನದು. ಮೊದಲು ಕಲಾದಗಿ ಜಿಲ್ಲೆಗೂ, 1885ರಿಂದ ಬಿಜಾಪುರ ಜಿಲ್ಲೆಗೂ, 1997ರಿಂದ ಬಾಗಲಕೋಟೆ ಜಿಲ್ಲೆಗೂ ಸೇರಿರುವ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಈ ವಿಚಾರಣೆಗೆ ತಕ್ಕ ಕ್ಷೇತ್ರವೆನ್ನಬೇಕು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದ ಮಸಾರಿಯಿಂದ ಹುನಗುಂದದ ಆಳವಾದ ಎರೆಯವರೆಗೆ ನೆಲದ ಗುಣವು ಅಡಿಗಡಿಗೆ ಬದಲಾಗುವುದರಿಂದ, ಯಾವ ಬದುವಿನ ಮೇಲೆ ನಿಂತು ನೋಡಿದೆವೆಂಬುದೇ ಇಲ್ಲಿ ಕಂಡ ಬೆಳೆಯನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ.

ಐಹೊಳೆ ಬಾದಾಮಿಗಳ ಪರಿಸರದ ಶಾಸನಗಳಲ್ಲಿ ಭೂಮಿಯ ಅಳತೆ ಮತ್ತರುಗಳಲ್ಲಿ ಬರುವುದನ್ನು ಇತಿಹಾಸದ ವಾಚಕರೆಲ್ಲರೂ ಬಲ್ಲರು. ಆದರೆ ಕಲ್ಲಿನಲ್ಲಿ ಕೊರೆಯಿಸಲ್ಪಟ್ಟದ್ದು ಪ್ರಾಯಶಃ ದತ್ತಿಯ ಭೂಮಿ. ದಾನವಾಗದೆ ಒಕ್ಕಲಿನ ಕೈಯಲ್ಲಿಯೇ ಉಳಿದ ಹೊಲವು ಕಲ್ಲಿಗೆ ಏರುವ ಪ್ರಸಂಗವೇ ವಿರಳ. ಶಾಸನಗಳ ಆಧಾರದಿಂದ ಆ ಕಾಲದ ಕೃಷಿಯ ಸರಾಸರಿಯನ್ನು ಹೇಳಹೊರಡುವವರು ಈ ನಮೂನೆಯನ್ನು ಆರಿಸಿದ್ದು ತಾವಲ್ಲ, ದಾನಿಗಳ ಪುಣ್ಯಾಕಾಂಕ್ಷೆ ಎಂಬುದನ್ನು ಮರೆಯಲಾಗದು.

ಕಂಪನಿ ಸರ್ಕಾರದ ಕಾಲದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿ, 1847ರ ಸಂಯುಕ್ತ ವರದಿಯಲ್ಲಿ ನಿಶ್ಚಿತಗೊಳಿಸಿದ ಭೂಮಾಪನ ಪದ್ಧತಿಯು ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಸೀಮೆಗೂ ಬಂದಿತು. ಇದರ ಒಂದು ಅಂಗವನ್ನು ಸಂಖ್ಯಾಶಾಸ್ತ್ರದ ಚರಿತ್ರಕಾರರು ಯಥೋಚಿತವಾಗಿ ಗಮನಿಸಿಲ್ಲವೆಂದು ನನ್ನ ಅಭಿಪ್ರಾಯ. ನೆಲವನ್ನು ವರ್ಗೀಕರಿಸುವವನು ತನಗೆ ತೋರಿದ ಒಂದೆಡೆಯಲ್ಲಿ ಅಗೆದು ನೋಡಿ ದರ್ಜೆ ಕಟ್ಟುವಂತಿರಲಿಲ್ಲ; ಸರ್ವೆ ನಂಬರನ್ನು ನಕ್ಷೆಯ ಮೇಲೆ ಸಮಭಾಗಗಳಾಗಿ ವಿಂಗಡಿಸಿ, ಭಾಗಭಾಗಕ್ಕೂ ಮಣ್ಣಿನ ಜಾತಿಯನ್ನೂ ಆಳವನ್ನೂ ಪರೀಕ್ಷಿಸಿ, ಒಂದೊಂದಕ್ಕೂ ಆಣೆಗಳಲ್ಲಿ ಬೆಲೆಯಿಟ್ಟು, ಅನಂತರವೇ ಇಡೀ ನಂಬರಿನ ಸರಾಸರಿಯನ್ನು ತೆಗೆಯಬೇಕಾಗಿತ್ತು. ಮೇಲಧಿಕಾರಿಯು ಕೆಲವು ಹೊಲಗಳನ್ನು ಮತ್ತೆ ವರ್ಗೀಕರಿಸಿ ತಾಳೆ ನೋಡುವ ಏರ್ಪಾಡೂ ಇದ್ದಿತು. ಸಂಭವನೀಯತೆಯ ಗಣಿತದ ಗಂಧವಿಲ್ಲದೆಯೂ ಆ ನಿಯಮ ಆರಿಸುವವನ ಕಣ್ಣನ್ನು ಕಟ್ಟಿಹಾಕಿತ್ತು.

ಮಣ್ಣಿನ ವಿಷಯದಲ್ಲಿ ತೋರಿದ ಈ ಎಚ್ಚರ ಬೆಳೆಯ ವಿಷಯದಲ್ಲಿ ಕಾಣಬರುವುದಿಲ್ಲ. ಹದಿನಾರಾಣೆಯ ಪೂರ್ಣ ಬೆಳೆಗೆ ಹೋಲಿಸಿ ಈ ವರ್ಷದ್ದು ಎಷ್ಟಾಣೆಯದೆಂದು ಕಣ್ಣಂದಾಜಿನಿಂದ ಹೇಳುವ ಆಣೆವಾರಿಯೇ ಆಗ ಇಲ್ಲಿ ಪ್ರಮಾಣ. ಹೇಳುವವರು ಗೌಡ ಕುಲಕರ್ಣಿ ತಲಾಠಿಗಳು, ತಿದ್ದುವವರು ಮಾಮಲೇದಾರರು. 1876ರಿಂದ 1878ರವರೆಗಿನ ಕ್ಷಾಮದಲ್ಲಿ ಬೆಂದ ಕಲಾದಗಿ ಜಿಲ್ಲೆಯ ಜನಸಂಖ್ಯೆ, 1872ಕ್ಕೂ 1881ಕ್ಕೂ ನಡುವೆ ಐದರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಕುಗ್ಗಿಹೋದುದನ್ನು ನೆನೆದರೆ, ಈ ಆಣೆಗಳ ಹಿಂದೆ ಇದ್ದುದು ಬರಿಯ ಅಂಕಗಣಿತವಲ್ಲವೆಂದು ತಿಳಿದೀತು. ಮುಂದೆ ಮುಂಬಯಿ ಪ್ರಾಂತದಲ್ಲಿ ನೆಲೆಗೊಂಡ ನಿಯಮದ ಮೇರೆಗೆ ನಾಲ್ಕಾಣೆಗಿಂತ ಕೆಳಗಿನ ಬೆಳೆಗೆ ಕಂದಾಯದ ವಸೂಲಿ ಪೂರ್ತಿ ತಡೆಯಲ್ಪಡುತ್ತಿತ್ತು, ನಾಲ್ಕರಿಂದ ಆರಾಣೆಯವರೆಗಿನದಕ್ಕೆ ಅರ್ಧ. ಹೀಗಿರಲು ಸರ್ಕಾರಿ ನೌಕರನ ಕಣ್ಣಿಗೆ ಬೆಳೆ ಹುಲುಸಾಗಿಯೂ ರೈತನ ಕಣ್ಣಿಗೆ ಬಡವಾಗಿಯೂ ಕಾಣುವುದು ಸಹಜವೇ ಆಗಿದ್ದಿತು. ಇದೇ ಪ್ರಾಂತದ ಖೇಡಾ ಜಿಲ್ಲೆಯಲ್ಲಿ 1918ರಲ್ಲಿ ಗಾಂಧೀಜಿ ಹೂಡಿದ ಸತ್ಯಾಗ್ರಹದ ತಿರುಳು ಈ ನಾಲ್ಕಾಣೆಯ ಗೆರೆಯೇ. ಸಾವಿರ ಕಣ್ಣುಗಳ ಅಂದಾಜನ್ನು ಕೂಡಿಸಿದರೂ ಅವೆಲ್ಲ ಒಂದೇ ಕಡೆಗೆ ವಾಲಿದ್ದರೆ ಕೂಡಿಕೆಯೂ ಅತ್ತಲೇ ವಾಲುವುದಲ್ಲದೆ ನೇರವಾಗಲಾರದು. ನಮೂನೆಯ ಗಾತ್ರವನ್ನು ಹೆಚ್ಚಿಸುವುದರಿಂದ ಪರಿಹಾರವಾಗುವ ದೋಷ ಬೇರೆ, ಪಕ್ಷಪಾತವೆಂಬ ಈ ದೋಷವೇ ಬೇರೆ.

ಆರಿಸುವ ಕೆಲಸವನ್ನು ಮನುಷ್ಯನಿಂದ ಕಸಿದು ಆಕಸ್ಮಿಕಕ್ಕೆ ಒಪ್ಪಿಸಬೇಕೆಂಬ ವಿಚಾರ ಭಾರತದ ಹೊಲಗಳಲ್ಲಿ ಮೊದಲು ಪ್ರಯೋಗಕ್ಕೆ ಬಂದುದು ಬಿಹಾರ ಒರಿಸ್ಸಾಗಳಲ್ಲಿ; ಜೆ. ಎ. ಹಬ್ಬಕ್ ಎಂಬ ಅಧಿಕಾರಿ 1923ರಿಂದ 1925ರವರೆಗೆ ಯಾದೃಚ್ಛಿಕವಾಗಿ ಆಯ್ದ ತುಣುಕುಗಳಲ್ಲಿ ಬತ್ತವನ್ನು ಕೊಯ್ಯಿಸಿ, ತನ್ನ ನಿಬಂಧವನ್ನು 1927ರಲ್ಲಿ ಪ್ರಕಟಿಸಿದನು. ಇಂಥ ಆಯ್ಕೆಗೆ ನೆರವಾಗುವ, ಟಿಪೆಟ್ ಎಂಬವನ ಯಾದೃಚ್ಛಿಕ ಅಂಕಿಗಳ ಪುಸ್ತಕ ಹೊರಬಂದುದೂ ಅದೇ ವರ್ಷ. ಆಮೇಲೆ ಬಂಗಾಳದ ಸೆಣಬಿನ ಹೊಲಗಳಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸರೂ, ಕೃಷಿ ಅನುಸಂಧಾನ ಪರಿಷತ್ತಿನಲ್ಲಿ ಪಾಂಡುರಂಗ ವಾಸುದೇವ ಸುಖಾತ್ಮೆಯವರೂ ಈ ಶಾಸ್ತ್ರವನ್ನು ಬೆಳೆಸಿದರು. ಸುಖಾತ್ಮೆಯವರು ನಮ್ಮ ಸೀಮೆಗೆ ದೂರವಲ್ಲದ ಸಾತಾರಾ ಜಿಲ್ಲೆಯವರು.

ಇವರಿಬ್ಬರ ನಡುವೆ ಹುಟ್ಟಿದ ವಾದವು ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಘಟ್ಟ. ಹೊಲವನ್ನು ಅಂಕಿಗಳು ಆರಿಸಿಕೊಟ್ಟ ಮೇಲೂ ಅದರೊಳಗೆ ಎಷ್ಟು ನೆಲವನ್ನು ಕೊಯ್ಯಬೇಕೆಂಬುದು ಪ್ರಶ್ನೆ. ಸಣ್ಣ ವೃತ್ತಗಳನ್ನು ಕೊಯ್ದರೆ ಖರ್ಚು ಕಡಿಮೆ, ಹೆಚ್ಚು ಸ್ಥಳಗಳನ್ನು ಮುಟ್ಟಬಹುದು ಎಂದು ಮಹಾಲನೋಬಿಸರ ಒಲವು. ತುಣುಕು ಸಣ್ಣದಾದಷ್ಟೂ ಇಳುವರಿ ಇರುವುದಕ್ಕಿಂತ ಮೇಲೇರಿ ಕಾಣುತ್ತದೆಂದು 1946ರಲ್ಲಿ ಸುಖಾತ್ಮೆಯವರು ಪ್ರಯೋಗಗಳ ಬಲದಿಂದ ತೋರಿಸಿದರು. ಅಂಚಿನ ಮೇಲೆ ನಿಂತ ಗಿಡ ಒಳಗಿನದೋ ಹೊರಗಿನದೋ ಎಂಬ ಸಂದೇಹ ಬಂದಾಗ ಕೊಯ್ಯುವವನ ಕೈ ಅದನ್ನು ಒಳಕ್ಕೆ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. 33 ಅಡಿ ಚೌಕದ, ಎಂದರೆ ಎಕರೆಯ ನಲವತ್ತನೆಯ ಒಂದು ಪಾಲಿನ ತುಣುಕಿನಲ್ಲಿ ಗೆರೆಯು ನಾಲ್ಕು ಕಡೆಗೂ ಎರಡೆರಡು ಅಂಗುಲ ಹೊರಸರಿದರೆ ವಿಸ್ತೀರ್ಣ ನೂರಕ್ಕೆ ಎರಡರಷ್ಟು ಬೆಳೆಯುತ್ತದೆ; ಎರಡು ಅಡಿ ತ್ರಿಜ್ಯದ ವೃತ್ತದಲ್ಲಿ ಅಷ್ಟೇ ಸರಿದರೆ ನೂರಕ್ಕೆ ಹದಿನೇಳು ಹೆಚ್ಚುತ್ತದೆ.

ಹುನಗುಂದದ ಎರೆಯಲ್ಲಿ ಕೂರಿಗೆಯಿಂದ ಬಿತ್ತಿದ ಹಿಂಗಾರಿ ಜೋಳಕ್ಕೆ ಈ ತರ್ಕವನ್ನು ಅನ್ವಯಿಸಿದರೆ ಮತ್ತೊಂದು ತೊಡಕು ಕಣ್ಣಿಗೆ ಬೀಳುತ್ತದೆ. ಇಲ್ಲಿ ಗಿಡಗಳು ಚೆಲ್ಲಾಪಿಲ್ಲಿಯಾಗಿಲ್ಲ, ಸಾಲುಗಟ್ಟಿವೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿಯ ಅಂತರವಿರುವಲ್ಲಿ 33 ಅಡಿಯೊಳಗೆ 22 ಸಾಲು ಬರಬೇಕು. ಚೌಕದ ಗಡಿಗೆ ಎಳೆದ ಹಗ್ಗವು ಸಾಲಿನ ಮೇಲೆಯೇ ಬಿದ್ದು ಎರಡು ಅಂಚಿನ ಸಾಲುಗಳನ್ನೂ ಎಣಿಸಿಕೊಂಡರೆ 23 ಆಗಿ, ಒಂದೇ ಏಟಿಗೆ ಇಳುವರಿ ನೂರಕ್ಕೆ ನಾಲ್ಕೂವರೆ ಏರುತ್ತದೆ. ಜೋಳದ ನಡುವೆ ಅಕ್ಕಡಿ ಸಾಲುಗಳಿದ್ದರಂತೂ ಆ ನೆಲವನ್ನು ಯಾವ ಬೆಳೆಯ ಲೆಕ್ಕಕ್ಕೆ ಬರೆಯಬೇಕೆಂಬ ಜಗಳ ಬೇರೆ. ನೈಋತ್ಯದ ಮೂಲೆಯಿಂದ ಹೊರಟು, ಪಟ್ಟಿಯಲ್ಲಿ ಬಂದ ಎರಡು ಅಂಕಿಗಳಷ್ಟು ಹೆಜ್ಜೆಗಳನ್ನು ಉದ್ದಕ್ಕೂ ಅಗಲಕ್ಕೂ ಹಾಕಿ, ತಲುಪಿದಲ್ಲಿಯೇ ಗೂಟ ನೆಡಬೇಕೆಂಬ ಬೆಳೆ ಕಟಾವು ಪ್ರಯೋಗದ ನಿಯಮ ಎಷ್ಟೇ ನಿರ್ದುಷ್ಟವಾಗಿರಲಿ, ತಲುಪಿದ ಸ್ಥಳದಲ್ಲಿ ಬೆಳೆ ಬೋಳಾಗಿದ್ದಾಗ ನಾಲ್ಕು ಹೆಜ್ಜೆ ಆಚೆಗೆ ಸರಿಯಬೇಕೆಂಬ ಚಪಲ ಮನುಷ್ಯನನ್ನು ಬಿಡುವುದಿಲ್ಲ. ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ನಮೂನೆಗಳನ್ನು ಇಬ್ಬರು ಬೇರೆ ಬೇರೆ ಪರಿವೀಕ್ಷಕರಿಗೆ ಒಪ್ಪಿಸಿ, ಉತ್ತರಗಳ ಅಂತರದಿಂದ ಕೈತಪ್ಪನ್ನು ಹಿಡಿಯುವ ಮಹಾಲನೋಬಿಸರ ಉಪಾಯ ಈ ಚಪಲಕ್ಕೆ ಹಾಕಿದ ಕಡಿವಾಣ. ತುಣುಕಿನ ಗಾತ್ರದ ವಾದದಲ್ಲಿ ಸುಖಾತ್ಮೆಯವರ ಪಕ್ಷ ಗೆದ್ದಿತೆನ್ನಬೇಕು. ಆದರೆ ಇಬ್ಬರು ಪರಿವೀಕ್ಷಕರೂ ಗಿಡವನ್ನು ಒಳಕ್ಕೇ ಎಳೆದುಕೊಳ್ಳುವವರಾದರೆ ಎರಡು ನಮೂನೆಗಳ ಆ ಉಪಾಯಕ್ಕೂ ಆ ದೋಷ ಸಿಕ್ಕದೆಂಬುದನ್ನು ಮರೆಯಬಾರದು.

ಹೊಲವನ್ನು ಬಿಟ್ಟು ಮಗ್ಗಕ್ಕೆ ಬಂದರೆ, ದೋಷ ಅಂಚಿನಿಂದ ಪಟ್ಟಿಗೆ ವರ್ಗವಾಗುತ್ತದೆ. ಇಳಕಲ್ಲಿನ ಸೀರೆಯ ಮಗ್ಗಗಳನ್ನೂ ಗುಳೇದಗುಡ್ಡದ ಖಣದ ಮಗ್ಗಗಳನ್ನೂ ಎಣಿಸಬಂದವರ ಮುಂದೆ ಮಗ್ಗವನ್ನು ಆರಿಸಬೇಕೋ ಮನೆಯನ್ನು ಆರಿಸಬೇಕೋ ಎಂಬ ಪ್ರಶ್ನೆಯಿತ್ತು. ಮಗ್ಗಗಳ ಪಟ್ಟಿಯಿಂದ ಚೀಟಿ ಎತ್ತಿದರೆ ನಾಲ್ಕು ಮಗ್ಗದ ಮನೆಗೆ ಒಂದು ಕುಣಿಮಗ್ಗದ ಮನೆಗಿಂತ ನಾಲ್ಮಡಿ ಅವಕಾಶ. ಆ ತೂಕವನ್ನು ಕಳೆಯದೆ ನೇಕಾರ ಕುಟುಂಬದ ಸರಾಸರಿ ಗಳಿಕೆಯನ್ನು ಹೇಳಿದರೆ ಉಳ್ಳವರ ಗಳಿಕೆಯನ್ನೇ ಎಲ್ಲರದೆಂದು ಸಾರಿದಂತಾಗುತ್ತದೆ. ಸಹಕಾರಿ ಸಂಘದ ಸದಸ್ಯರ ಪಟ್ಟಿಯನ್ನು ಹಿಡಿದರೆ ಮಾಲೀಕರ ನೂಲು ತಂದು ಕೂಲಿಗೆ ನೇಯುವವರು ಬಿಟ್ಟುಹೋಗುತ್ತಾರೆ. ಕಂಡಿಕೆ ಸುತ್ತುವ, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಜೋಡಿಸುವ ಹೆಣ್ಣುಮಕ್ಕಳ ದುಡಿಮೆ ಬಹುಕಾಲ ಯಾವ ಪಟ್ಟಿಗೂ ಸಿಕ್ಕಲಿಲ್ಲ. ಪಿ. ಜೆ. ಥಾಮಸ್ ಅವರ ಅಧ್ಯಕ್ಷತೆಯ ಸತ್ಯಶೋಧನ ಸಮಿತಿ 1942ರಲ್ಲಿ ಕೈಮಗ್ಗಗಳ ಸ್ಥಿತಿಯನ್ನು ವರದಿ ಮಾಡಿದ ಬಳಿಕ ನೂಲಿಗೆ ನಿಯಂತ್ರಣ ಬಂದು, ಮಗ್ಗವೊಂದಕ್ಕೆ ಇಷ್ಟೆಂದು ಹಂಚಿಕೆಯಾಗತೊಡಗಿದಾಗ, ನಿಂತ ಮಗ್ಗವನ್ನೂ ನಡೆಯುವುದೆಂದು ಬರೆಯಿಸುವ ಆಸೆ ದೇಶದಲ್ಲೆಲ್ಲ ಹುಟ್ಟಿದ್ದು ಆಶ್ಚರ್ಯವಲ್ಲ. ಕೈಮಗ್ಗಗಳ ರಾಷ್ಟ್ರೀಯ ಗಣತಿ ಮೊದಲು ನಡೆದುದು 1987-88ರಲ್ಲಿ. ಮನೆಮನೆಯ ಸಮೀಕ್ಷೆಗಳಿಗೆ ಇಂದಿಗೂ ಇರುವ ಕಷ್ಟ ಬೀಗ ಹಾಕಿದ ಬಾಗಿಲು. ಬಾದಾಮಿ ಹುನಗುಂದಗಳಿಂದ ಗೋವೆಗೂ ಮಂಗಳೂರಿಗೂ ದುಡಿಯಹೋದ ಸಂಸಾರದ ಬದಲಿಗೆ ಪಕ್ಕದ ತೆರೆದ ಮನೆಯನ್ನು ಬರೆದುಕೊಂಡರೆ, ಗುಳೆ ಹೋಗುವ ಬಡತನವೇ ಲೆಕ್ಕದಿಂದ ಗುಳೆ ಹೋಗುತ್ತದೆ.

2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಹಳೆಯ ಹಗ್ಗದ ಚೌಕಕ್ಕೆ ಹೊಸ ಕಾರ್ಯಭಾರವನ್ನು ಹೊರಿಸಿತು. ಮುಖ್ಯ ಬೆಳೆಗೆ ಗ್ರಾಮ ಪಂಚಾಯತಿಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗಗಳು. ಅವುಗಳ ಸರಾಸರಿ, ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಆಧಾರದ ಮೇಲೆ ಕಟ್ಟಿದ ಪ್ರಮಾಣ ಇಳುವರಿಗಿಂತ ಎಷ್ಟು ಕಡಿಮೆಯೋ ಅದರ ಮೇರೆಗೆ ಪರಿಹಾರ. ಜಿಲ್ಲೆಯ ಒಟ್ಟು ಉತ್ಪನ್ನವನ್ನು ಅಂದಾಜಿಸುವಾಗ ನೂರಾರು ತುಣುಕುಗಳ ನಡುವೆ ಕರಗಿಹೋಗುತ್ತಿದ್ದ ಒಂದು ಚೌಕದ ಏರುಪೇರು ಇಲ್ಲಿ ಊರಿನ ರೈತರೆಲ್ಲರ ಹಣವನ್ನು ಅಲುಗಿಸಬಲ್ಲದು. ನಾಲ್ಕಾಣೆಯ ಗೆರೆಯ ಕಾಲದಲ್ಲಿ ಎದುರುಬದುರಾಗಿ ನಿಂತವರು ಸರ್ಕಾರವೂ ರೈತರೂ. ಈಗ ಬೆಳೆ ಹೆಚ್ಚು ಕಂಡರೆ ಲಾಭ ವಿಮಾ ಕಂಪನಿಗೆ, ಕಡಿಮೆ ಕಂಡರೆ ರೈತನಿಗೆ. ಆದುದರಿಂದಲೇ ಗೂಟ ನೆಡುವಾಗ ಉಭಯಪಕ್ಷದವರೂ ಹೊಲದಲ್ಲಿರಬಯಸುತ್ತಾರೆ, ಮೊಬೈಲಿನಲ್ಲಿ ಸ್ಥಳದ ಗುರುತು ಸಹಿತ ಚಿತ್ರ ತೆಗೆಯಲಾಗುತ್ತದೆ. ಆ ಚಿತ್ರವು ಚೌಕ ಎಲ್ಲಿ ಬಿದ್ದಿತೆಂಬುದನ್ನು ಸಾಬೀತುಪಡಿಸುತ್ತದೆ. ಹಗ್ಗದ ಮೇಲೆ ನಿಂತ ಜೋಳದ ಸಾಲು ಯಾರ ಲೆಕ್ಕಕ್ಕೆ ಹೋಯಿತೆಂಬುದನ್ನು ಮಾತ್ರ ಕುಡುಗೋಲು ಹಿಡಿದವನೇ ಹೇಳಬೇಕು.