ಮುಡಿಯೂ ಮುಸುಕೂ: ಬಾದಾಮಿ–ಇಳಕಲ್ಲ ಸೀಮೆಯ ಕೇಶಬಂಧವಿಚಾರ

ಬಾದಾಮಿಯ ಮೂರನೆಯ ಗುಹಾಲಯವು ಶಕವರ್ಷ 500ರ, ಎಂದರೆ ಕ್ರಿ. ಶ. 578ರ, ಕಾರ್ತಿಕ ಪೌರ್ಣಮಿಯಂದು ಮಂಗಲೇಶನಿಂದ ಸಿದ್ಧವಾದುದೆಂಬುದು ಅಲ್ಲಿಯ ಶಾಸನದಿಂದ ವಿದಿತವಾಗಿದೆ. ಆ ಗುಹೆಯ ಮುಖಮಂಟಪದಲ್ಲಿ ಕಂಬಗಳ ಮೇಲ್ಗಡೆ ತೊಲೆಗಳಿಗೆ ಆತುಕೊಟ್ಟಂತೆ ನಿಂತಿರುವ ಮಿಥುನಶಿಲ್ಪಗಳನ್ನು ಕಂಡವರೆಲ್ಲ ಬಲ್ಲರು. ಅಲ್ಲಿಯ ಸ್ತ್ರೀಯರ ಉಡುಗೆ ಅತ್ಯಲ್ಪ. ಆದರೆ ತಲೆಗೂದಲಿನ ವಿಷಯದಲ್ಲಿ ಶಿಲ್ಪಿಯು ಜಿಪುಣತನವನ್ನು ತೋರಿಲ್ಲ. ಹೇರಳವಾದ ಕೂದಲನ್ನು ದೊಡ್ಡ ಮುಡಿಯಾಗಿ ಸುತ್ತಿ, ಕೆಲವೆಡೆ ಒಂದು ಪಕ್ಕಕ್ಕೆ ಒಲೆಯುವಂತೆ ನಿಲ್ಲಿಸಿ, ಹಣೆಯ ಮೇಲೆ ಕುರುಳುಗಳನ್ನು ಸಾಲಾಗಿ ಬಿಡಿಸಿದ್ದಾನೆ. ಅದೇ ಬೆಟ್ಟದ ಬುಡದಲ್ಲಿ ಅಗಸ್ತ್ಯತೀರ್ಥದ ಮೆಟ್ಟಿಲುಗಳಿಗೆ ಬಟ್ಟೆಯೊಗೆಯಲು ಬರುವ ಹಿರಿಯ ಹೆಂಗಸರಲ್ಲಿ ಬೇರೆಯೇ ಬಗೆ ಕಾಣುವುದು. ಅವರ ತುರುಬು ನೆತ್ತಿಯನ್ನು ಬಿಟ್ಟು ಹಿಂದಲೆಗೆ ಇಳಿದಿದೆ. ಅದರ ಮೇಲೆ ಇಳಕಲ್ಲ ಸೀರೆಯ ಸೆರಗು ಬಂದಿದೆ. ಈ ಎರಡರ ನಡುವಣ ಹದಿನಾಲ್ಕು ಶತಮಾನಗಳಲ್ಲಿ ಮುಡಿಯು ಮುಸುಕಿನೊಳಗೆ ಸೇರಿದ ಬಗೆ ಯಾವುದೆಂಬುದು ವಿಚಾರಾರ್ಹವಾಗಿದೆ.

ಇದಕ್ಕೆ ರೂಢಿಯಲ್ಲಿರುವ ಉತ್ತರ ಒಂದುಂಟು. ಬಹಮನೀ ಸುಲ್ತಾನರೂ ಬಿಜಾಪುರದ ಆದಿಲಶಾಹಿಗಳೂ ಈ ನಾಡನ್ನು ಆಳಿದ ಮೇಲೆ ಸ್ತ್ರೀಯರು ತಲೆಯನ್ನು ಮುಚ್ಚಲಾರಂಭಿಸಿದರೆಂದೂ, ಅದಕ್ಕೆ ಮೊದಲು ಮುಸುಕೆಂಬುದೇ ಇರಲಿಲ್ಲವೆಂದೂ, ಬಾದಾಮಿ ಐಹೊಳೆಗಳ ಶಿಲ್ಪಗಳೇ ಅದಕ್ಕೆ ಸಾಕ್ಷಿಯೆಂದೂ ಹೇಳುವರು. ಈ ವಾದವು ಕೇಳಲು ಸುಲಭ, ಸಾಧಿಸಲು ಕಷ್ಟ. ಶಿಲ್ಪದಲ್ಲಿ ಸೆರಗಿಲ್ಲದ ಕಾರಣ ಬೀದಿಯಲ್ಲಿಯೂ ಸೆರಗಿರಲಿಲ್ಲವೆಂದು ಹೇಳುವುದಾದರೆ, ಅದೇ ಶಿಲ್ಪವನ್ನು ಹಿಡಿದು ಆ ಕಾಲದ ಹೆಂಗಸರು ಎದೆಗೆ ಬಟ್ಟೆಯಿಲ್ಲದೆ ಹೊಲಕ್ಕೂ ಸಂತೆಗೂ ಹೋಗುತ್ತಿದ್ದರೆಂದು ಹೇಳಬೇಕಾದೀತು. ಶಿಲ್ಪಿಗೆ ಅವನದೇ ಸಂಪ್ರದಾಯವುಂಟು. ಐಹೊಳೆಯ ರಾವಳಫಡಿಯಲ್ಲಿ ನರ್ತಿಸುವ ಶಿವನ ಜೊತೆಗಿರುವ ಸಪ್ತಮಾತೃಕೆಯರ ತಲೆಯ ಮೇಲೆ ಎತ್ತರವಾದ ಕಿರೀಟಗಳಿವೆ. ಅದರಿಂದ ಆ ಊರಿನ ತಾಯಂದಿರೆಲ್ಲ ಕಿರೀಟಧಾರಿಣಿಯರೆಂದು ಯಾರೂ ಊಹಿಸಲಾರರು.

ಇನ್ನು ಗ್ರಂಥಪ್ರಮಾಣವನ್ನು ನೋಡಬೇಕು. ಪಾಣಿನಿಯು ಸಾಧಿಸಿಕೊಟ್ಟ ‘ಅಸೂರ್ಯಂಪಶ್ಯಾ’ ಎಂಬ ರೂಪಕ್ಕೆ ವ್ಯಾಖ್ಯಾನಕಾರರು ರಾಜಪತ್ನಿಯರನ್ನು ಉದಾಹರಿಸುವರು. ಇದು ಅಂತಃಪುರದ ಮಾತು, ತಲೆಮುಸುಕಿಗೆ ನೇರವಾದ ಪ್ರಮಾಣವಲ್ಲವೆಂದು ಬಿಟ್ಟರೂ, ಕಾಳಿದಾಸನ ಶಾಕುಂತಲದ ಐದನೆಯ ಅಂಕವನ್ನು ಬಿಡಲಾಗದು. ತಪಸ್ವಿಗಳ ನಡುವೆ ಶಕುಂತಲೆಯು ಅವಗುಂಠನವತಿಯಾಗಿಯೇ ರಾಜಸಭೆಗೆ ಬರುವಳು. ಗಂಡನು ಗುರುತಿಸಲೆಂದು ಗೌತಮಿಯು ಆ ಮುಸುಕನ್ನು ತೆಗೆಯಿಸುವಳು. ಶೂದ್ರಕನ ಮೃಚ್ಛಕಟಿಕವು ಇನ್ನೂ ಸ್ಪಷ್ಟವಾಗಿದೆ. ಗಣಿಕೆಯಾಗಿದ್ದ ವಸಂತಸೇನೆಗೆ ಕಡೆಯ ಅಂಕದಲ್ಲಿ ವಧೂಪದವಿ ದೊರೆಯುವಾಗ ಅವಳಿಗೆ ಅವಗುಂಠನವನ್ನು ಹೊದಿಸುವರು. ಮುಸುಕು ಇಲ್ಲಿ ನಾಚಿಕೆಯ ಗುರುತಾಗಿಲ್ಲ, ಭಯದ ಗುರುತೂ ಆಗಿಲ್ಲ. ಗೃಹಿಣಿಯೆಂಬ ಗೌರವದ ಗುರುತಾಗಿದೆ. ಹುನಗುಂದದ ಕಡೆ ಉಡಿ ತುಂಬಿಸಿಕೊಳ್ಳುವ ಮುತ್ತೈದೆಯು ಮೊದಲು ತಲೆಯ ಮೇಲೆ ಸೆರಗು ಹೊದೆದು, ಆಮೇಲೆ ಉಡಿಯನ್ನು ಒಡ್ಡುವಳು. ಈ ಆಚಾರವು ವಸಂತಸೇನೆಯ ಅವಗುಂಠನಕ್ಕೆ ಹತ್ತಿರವಾದುದೇ ಹೊರತು ಯಾವ ಸುಲ್ತಾನನ ಆಜ್ಞೆಗೂ ಹತ್ತಿರವಾದುದಲ್ಲ. ಆ ದೊರೆಗಳ ಕಾಲದಲ್ಲಿ ಮುಸುಕಿನ ಬಳಕೆ ಹೆಚ್ಚಿರಬಹುದು; ಹೆಚ್ಚಿದ್ದು ಬೇರೆ, ಹುಟ್ಟಿದ್ದು ಬೇರೆ.

ಆದರೂ ಈ ಸೀಮೆಯಲ್ಲಿ ಮೂಲವಾದುದು ಮುಸುಕಲ್ಲ, ಮುಡಿ. ಭಾಷೆಯೇ ಇದಕ್ಕೆ ಸಾಕ್ಷಿ. ಅಮರಸಿಂಹನು ಮನುಷ್ಯವರ್ಗದಲ್ಲಿ ಕಬರಿ, ಧಮ್ಮಿಲ್ಲ, ವೇಣಿಗಳನ್ನು ಬೇರೆಬೇರೆಯಾಗಿ ಹೇಳಿ, ಬಿಗಿದು ಕಟ್ಟಿದ ಕೂದಲಿಗೆ ಧಮ್ಮಿಲ್ಲವೆಂಬ ಹೆಸರನ್ನು ಕೊಟ್ಟಿದ್ದಾನೆ. ಕನ್ನಡದಲ್ಲಿ ಮುಡಿ, ತುರುಬು, ಸೂಡು, ಹೆರಳು, ಜಡೆ, ಕುರುಳು ಎಂದು ಹೆಸರುಗಳ ಸಿರಿಯೇ ಇದೆ. ಇವುಗಳಲ್ಲಿ ‘ಮುಡಿ’ ಎಂಬುದು ನಾಮವೂ ಹೌದು, ಧಾತುವೂ ಹೌದು. ಕೂದಲಿನ ಗಂಟು ಮುಡಿ. ಅದರಲ್ಲಿ ಹೂವಿಡುವುದೂ ಮುಡಿಯುವುದೇ. ದೇವರಿಗೆ ಕೂದಲನ್ನು ಒಪ್ಪಿಸುವುದು ‘ಮುಡಿ ಕೊಡುವುದು’. ಮುಸುಕಿಗೆ ಈ ಬಗೆಯ ಶಬ್ದಸಂತಾನವಿಲ್ಲ.

ಕೂದಲು ಕಟ್ಟಿದೆಯೊ ಬಿಚ್ಚಿದೆಯೊ ಎಂಬುದರಿಂದಲೇ ಸ್ತ್ರೀಯ ಸ್ಥಿತಿಯನ್ನು ಅರಿಯುವ ವಾಡಿಕೆ ಕಾವ್ಯದಲ್ಲಿ ಬಹು ಹಳೆಯದು. ಗಂಡನನ್ನು ಅಗಲಿದವಳು ಏಕವೇಣಿ: ಅಶೋಕವನದ ಸೀತೆಯೂ ಮೇಘದೂತದ ಯಕ್ಷಪತ್ನಿಯೂ ಹಾಗೆಯೇ ಇರುವರು. ಅವಮಾನಿತಳಾದವಳು ಮುಕ್ತಕೇಶಿ. ಭಟ್ಟನಾರಾಯಣನು ತನ್ನ ನಾಟಕಕ್ಕೆ ವೇಣೀಸಂಹಾರವೆಂದೇ ಹೆಸರಿಟ್ಟನು. ಕನ್ನಡದಲ್ಲಿ ಪಂಪನ ದ್ರೌಪದಿಯ ಬಿಚ್ಚಿದ ಮುಡಿಯನ್ನು ಭೀಮನೇ ಕಟ್ಟುವನು. ಅದೇ ಕಥೆಯನ್ನು ಸಿಂಹಾವಲೋಕನಕ್ರಮದಿಂದ ಗದಾಯುದ್ಧದಲ್ಲಿ ಹೇಳಿದ ರನ್ನನು ಮುದುವೊಳಲಿನವನು, ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದವನು. ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಹೆಂಗಳೆಯರ ಮುಂಗೈಯನ್ನು ಹಿಡಿದು ಬಳೆ ತೊಡಿಸುವ ಕುಲದವನಿಗೆ ಬಿಚ್ಚಿದ ಮುಡಿಯ ಅರ್ಥ ತಿಳಿಯದೆ ಇದ್ದೀತೆ? ಕೂದಲೇ ಹೊದಿಕೆಯಾದುದು ಅಕ್ಕಮಹಾದೇವಿಯೊಬ್ಬಳ ಪ್ರಸಂಗದಲ್ಲಿ. ಸೀರೆಯನ್ನು ತೊರೆದು ಕೂದಲನ್ನೇಕೆ ಮರೆಮಾಡಿಕೊಂಡೆಯೆಂದು ಅಲ್ಲಮಪ್ರಭುವು ಅವಳನ್ನು ಕೇಳುವ ಸಂದರ್ಭವು ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾಗಿದೆ.

ಸೆರಗಿನ ಚರಿತ್ರೆಯಲ್ಲಿ ಕಠಿನವಾದ ಅಧ್ಯಾಯವೊಂದುಂಟು. ಅದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಬ್ರಾಹ್ಮಣರ ಮನೆಗಳಲ್ಲಿ ವಿಧವೆಯರಿಗೆ ಕೇಶವಪನ ಮಾಡಿಸುವ ರೂಢಿಯು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದವರೆಗೂ ನಡೆಯಿತು. ಮುತ್ತೈದೆಯ ಸೆರಗಿನೊಳಗೆ ಹೂವು, ರಾಗಟೆಗಳೊಡನೆ ತುರುಬಿದ್ದರೆ, ಪಕ್ಕದಲ್ಲಿ ಕುಳಿತ ಆಕೆಯ ಅತ್ತಿಗೆಯದೊ ಚಿಕ್ಕತ್ತೆಯದೊ ಸೆರಗಿನೊಳಗೆ ಏನೂ ಇರುತ್ತಿರಲಿಲ್ಲ. ಬಟ್ಟೆ ಒಂದೇ ಬಗೆಯಾಗಿ ತಲೆಯನ್ನು ಸುತ್ತುವುದು. ಆದರೆ ಹಿಂದಲೆಯ ಉಬ್ಬಿನಿಂದಲೇ ನೋಡುವವರಿಗೆ ಎಲ್ಲವೂ ತಿಳಿಯುವುದು. ಕೂದಲನ್ನು ಉಳಿಸಿಕೊಂಡ ವಿಧವೆಗೆ ‘ಸಕೇಶಿ’ ಎಂಬ ಬೇರೊಂದು ಹೆಸರೇ ಬಳಕೆಗೆ ಬಂತು. ಕೂದಲೊಡನೆ ಕೂಡಿದವಳು ಎಂಬಷ್ಟೇ ಅರ್ಥದ ಈ ನಿರಪರಾಧಿ ಸಂಸ್ಕೃತಶಬ್ದವು ಮಡಿಯ ಮನೆಗಳಲ್ಲಿ ನಿಂದೆಯಂತೆ ಉಚ್ಚರಿತವಾಗುತ್ತಿತ್ತು. ಧರ್ಮಶಾಸ್ತ್ರದ ವಾಕ್ಯಗಳನ್ನು ಉದ್ಧರಿಸಿ ಈ ರೂಢಿಯನ್ನು ಸಮರ್ಥಿಸಿದ ಪಂಡಿತರೂ ಕಡಿಮೆಯಿರಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯು ಮಲೆನಾಡಿನ ಕಥೆಯಾದರೂ, ಬಯಲುಸೀಮೆಯ ಅಗ್ರಹಾರಗಳಲ್ಲಿಯೂ ಅದನ್ನು ಓದಿ ತಮ್ಮ ಮನೆಯ ಹಿರಿಯಳೊಬ್ಬಳನ್ನು ನೆನೆಯದವರು ವಿರಳ.

ಗಂಡಸರ ವಿಷಯಕ್ಕೆ ಹೆಚ್ಚು ಮಾತು ಬೇಡ. ಅವರೂ ಜುಟ್ಟನ್ನು ಗಂಟುಹಾಕಿ ರುಮಾಲಿನೊಳಗೆ ಅಡಗಿಸುತ್ತಿದ್ದರು. ಕ್ಷೌರದ ಪದ್ಧತಿ ಬದಲಾದಾಗ ಜುಟ್ಟು ಹೋಯಿತು, ರುಮಾಲು ಕೆಲವು ಕಾಲ ಉಳಿಯಿತು.

ಈಗ ಸೀರೆಗೆ ಬರಬಹುದು. ಇಳಕಲ್ಲ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸುನೂಲಿನ ತುದಿಗಳಿಗೆ ಸೆರಗಿನ ಹಾಸುನೂಲನ್ನು ಕುಣಿಕೆಯಂತೆ ಒಂದೊಂದಾಗಿ ತೊಡರಿಸಿ ಜೋಡಿಸುವರು. ಇದಕ್ಕೆ ಕೊಂಡಿಯೆಂದು ಹೆಸರು. 2007ರಲ್ಲಿ ಭೌಗೋಳಿಕ ಸೂಚನೆಯ ಮನ್ನಣೆಯು ಈ ಸೀರೆಗೆ ದೊರೆಯಿತು. ದುಬಾರಿಯಾದ ರೇಷ್ಮೆಯನ್ನು ಮೈಗೆ ಬಳಸದೆ ಸೆರಗಿಗೇ ಮೀಸಲಿಟ್ಟಿರುವುದನ್ನು ಗಮನಿಸಬೇಕು. ತಲೆಗೂ ಹೆಗಲಿಗೂ ಬರುವ ಭಾಗವೇ ಸೀರೆಯಲ್ಲಿ ಮಾನ್ಯವಾದುದೆಂಬ ತಿಳಿವಳಿಕೆ ಇದರಲ್ಲಿದೆ. ಆದರೆ ಎಣ್ಣೆ ಸವರಿದ ತಲೆಯ ಮೇಲೆ ರೇಷ್ಮೆ ನಿಲ್ಲುವುದು ಕಷ್ಟ, ಜಾರುತ್ತದೆ. ನೆತ್ತಿಯ ಮೇಲೆ ಎತ್ತರವಾಗಿ ಕಟ್ಟಿದ ಬಾದಾಮಿಯ ಮುಡಿಯಾದರೆ ಬಟ್ಟೆಯನ್ನು ಗುಡಾರದಂತೆ ಎತ್ತಿ ಹಿಡಿದೀತು. ಹಿಂದಲೆಯಲ್ಲಿ ತಗ್ಗಿಸಿ ಸುತ್ತಿದ ತುರುಬಾದರೆ ಸೆರಗು ಅದಕ್ಕೆ ತೊಡರಿ ನಿಲ್ಲುವುದು, ದಡಿಯು ಹಣೆಯ ಮೇಲೆ ನೇರವಾದ ಗೆರೆಯಾಗುವುದು. ತುರುಬು ನೆತ್ತಿಯಿಂದ ಇಳಿದುದಕ್ಕೆ ಪ್ರಾಯಶಃ ಇದೇ ಕಾರಣ. ಕೂದಲು ತೆಳುವಾದವರು ಚೌರಿಯನ್ನು ಸೇರಿಸಿ ತುರುಬನ್ನು ದಪ್ಪ ಮಾಡಿಕೊಳ್ಳುವುದು ಬರಿಯ ಅಂದಕ್ಕಾಗಿಯೇ ಅಲ್ಲ, ಸೆರಗು ನಿಲ್ಲಲೆಂದೂ ಹೌದು. ಮುಡಿಯನ್ನು ಮುಸುಕು ಮರೆಮಾಡಿತೆಂದು ಹೇಳುವವರು ಮುಸುಕನ್ನು ಹೊತ್ತುದು ಮುಡಿಯೇ ಎಂಬುದನ್ನು ಮರೆತಂತಿದೆ.

ಕೆಂಪು ಸೆರಗಿನಲ್ಲಿ ಬಿಳಿಯ ನೂಲಿನಿಂದ ತೆಗೆಯುವ ಚಿತ್ರಕ್ಕೆ ತೋಪುತೆನೆಯೆಂದು ಹೆಸರು. ತೆನೆಯೆಂದರೆ ಕನ್ನಡದಲ್ಲಿ ಜೋಳದ ತೆನೆಯೂ ಹೌದು, ಕೋಟೆಯ ತೆನೆಯೂ ಹೌದು. ನೇಕಾರರ ಬಾಯಲ್ಲಿ ಎರಡೂ ಅರ್ಥ ಕೇಳಬರುವುದು. ಅದೇ ಸೆರಗಿನ ಇನ್ನೊಂದು ಚಿತ್ರದ ಹೆಸರು ಹಣಿಗೆ. ಈ ಕಡೆ ಬಾಚಣಿಗೆಗೆ ಹಣಿಗೆಯೆಂದೇ ಹೇಳುವರು. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಸಿಕ್ಕಾಗದಂತೆ ಬಿಡಿಸಿಡುವ ಸಾಧನಕ್ಕೂ ಅದೇ ಹೆಸರು. ಬೆಳಗ್ಗೆ ಕೂದಲನ್ನು ಹಣಿಗೆಯಿಂದ ಬಿಡಿಸಿ ತುರುಬು ಕಟ್ಟಿದ ನೇಕಾರರ ಹೆಣ್ಣುಮಗಳು, ಹಣಿಗೆಯಲ್ಲಿ ಹಾಯಿಸಿ ನೆಯ್ದ, ಹಣಿಗೆಯ ಚಿತ್ರವಿರುವ ಸೆರಗನ್ನೇ ಅದರ ಮೇಲೆ ಹೊದೆಯುವಳು.